ಮುಗೀತು ಕಣೋ

ನಮ್ಮ ಮಾವನಿಗೆ ಫುಟ್‌ಬಾಲ್ ನೋಡುವಾಗ ಒಂದು ವಿಚಿತ್ರ ಅಭ್ಯಾಸ. ಅವರು ಚೆಂಡನ್ನೇ ನೋಡೋದಿಲ್ಲ. ಕಂಠೀರವ ಸ್ಟೇಡಿಯಮ್ಮಿನಲ್ಲಿ ಸಾವಿರಾರು ಜನ ಚೆಂಡು ಹೋದ ಕಡೆಗೆಲ್ಲ ಕತ್ತು ತಿರುಗಿಸುತ್ತಿದ್ದರೆ, ಇವರು ಯಾರೋ ಒಬ್ಬ ಆಟಗಾರನನ್ನು ಹಿಡಿದುಕೊಂಡು ಹತ್ತು ನಿಮಿಷ ಅವನನ್ನೇ ನೋಡುತ್ತಾ ಕೂತಿರುತ್ತಾರೆ. "ಚೆಂಡು ಕಾಲಲ್ಲಿದ್ದಾಗ ಎಲ್ಲರೂ ಆಡ್ತಾರೆ ಕಣೋ. ಇಲ್ಲದಾಗ ಏನ್ ಮಾಡ್ತಾನೆ ನೋಡು" ಅನ್ನೋದು ಅವರ ವೇದಾಂತ. ದೂರವಾಣಿ ನಗರದ ಐಟಿಐ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಡಿಪಾರ್ಟ್‌ಮೆಂಟುಗಳ ನಡುವಿನ ಮ್ಯಾಚುಗಳಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದರಂತೆ. ಎಡಮೊಣಕಾಲಿನ ಮೇಲಿರುವ ಉದ್ದದ ಗಾಯದ ಕಲೆಯನ್ನು ಈಗಲೂ ಪದಕ ತೋರಿಸಿದ ಹಾಗೆ ತೋರಿಸುತ್ತಾರೆ.

ನಾನು ಹೊಟ್ಟೆಪಾಡಿಗೆ ಡೇಟಾ ಅನಲಿಸ್ಟ್. ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ದಿನವಿಡೀ ಎಕ್ಸೆಲ್ಲು, ಡ್ಯಾಶ್‌ಬೋರ್ಡು. ನನ್ನ ಪ್ರಕಾರ ಕಣ್ಣು ಮೋಸ ಮಾಡುತ್ತದೆ, ಅಂಕಿ ಮಾಡೋದಿಲ್ಲ. ಹೀಗಾಗಿ ಬೆಂಗಳೂರು ಎಫ್‌ಸಿ ಆಡುವ ದಿನ ನಮ್ಮಿಬ್ಬರ ನಡುವೆ ಮೈದಾನದಲ್ಲಿ ನಡೆಯೋದಕ್ಕಿಂತ ಜೋರು ಮ್ಯಾಚು ನಡೆಯುತ್ತದೆ. ಆ ಮ್ಯಾಚಿಗೆ ವರ್ಷಗಟ್ಟಲೆ ಒಂದೇ ವಿಷಯ: ಸುನಿಲ್ ಛೆಟ್ರಿ ಮುಗಿದರೋ ಇಲ್ಲವೋ.

ಮೊದಲು ನನ್ನ ಎಕ್ಸೆಲ್ ಶೀಟು ತೋರಿಸಿಬಿಡ್ತೀನಿ. ಬೆಂಗಳೂರು ತಂಡ ಐಎಸ್‌ಎಲ್‌ಗೆ ಬಂದ ಮೊದಲ ಸೀಸನ್ 2017-18. ಅವತ್ತಿನಿಂದ ಲೆಕ್ಕ ಹಾಕಿದರೆ ಐಎಸ್‌ಎಲ್‌ನಲ್ಲಿ ಛೆಟ್ರಿ ಹೊಡೆದ ಗೋಲುಗಳು ವರ್ಷವಾರು ಹೀಗಿವೆ: 14, 9, 9, 8, 4, 5, 5. ಹುಟ್ಟಿದ್ದು 1984ರ ಆಗಸ್ಟ್ 3. ಅಂದರೆ ನಾಲ್ಕು ಗೋಲಿನ 2021-22ರ ಸೀಸನ್ನಿನಲ್ಲಿ ವಯಸ್ಸು ಮೂವತ್ತೇಳು. ಈ ಗ್ರಾಫನ್ನು ಬರೆದರೆ ಅದು ನಂದಿಬೆಟ್ಟದಿಂದ ಇಳಿಯುವ ರಸ್ತೆ ಇದ್ದ ಹಾಗೆ ಕಾಣುತ್ತದೆ. ಸ್ಟ್ರೈಕರ್‌ಗಳು ಸಾಮಾನ್ಯವಾಗಿ ಇಪ್ಪತ್ತರ ಕೊನೆಯ ಹೊತ್ತಿಗೆ ತುದಿ ಮುಟ್ಟಿ, ಮೂವತ್ತು ದಾಟಿದ ಮೇಲೆ ಇಳಿಯುತ್ತಾರೆ ಅನ್ನೋದು ಈ ಲೆಕ್ಕ ಮಾಡುವವರೆಲ್ಲ ಒಪ್ಪುವ ಮಾತು. ಹೀಗಿರುವಾಗ ವಾದ ಮಾಡೋಕೆ ಏನು ಉಳಿದಿದೆ ಹೇಳಿ?

ತಮಾಷೆ ಅಂದರೆ, ಈ ವಿಷಯದಲ್ಲಿ ಮಾವ ನನಗಿಂತ ಮೊದಲೇ ಷರಾ ಬರೆದಾಗಿತ್ತು. ಆ ಸೀಸನ್ ಕೋವಿಡ್ ಕಾರಣದಿಂದ ಪೂರ್ತಿ ಗೋವಾದಲ್ಲೇ ನಡೆಯಿತು, ಬಹುಮಟ್ಟಿಗೆ ಪ್ರೇಕ್ಷಕರಿಲ್ಲದೆ. ಮಾವ ಮನೆಯಲ್ಲಿ ಟಿವಿ ಮುಂದೆ ಕೂತು ಎರಡು ತಿಂಗಳು ನೋಡಿ, ಒಂದು ರಾತ್ರಿ ರಿಮೋಟ್ ಕೆಳಗಿಟ್ಟು "ಮುಗೀತು ಕಣೋ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹತ್ತಿರದ ಸಂಬಂಧಿಕರ ಬಗ್ಗೆ ಡಾಕ್ಟರು ಹೇಳಿದ್ದನ್ನು ಮನೆಯವರಿಗೆ ದಾಟಿಸುವಾಗ ಇರುತ್ತಲ್ಲ, ಅಂಥ ದನಿ. ಮುಂದಿನ ವರ್ಷ ಮ್ಯಾಚುಗಳು ಕಂಠೀರವಕ್ಕೆ ವಾಪಸು ಬಂದವು. ಅಲ್ಲೂ ಅವರಿಗೆ ಕಂಡದ್ದು ಅದೇ. "ನೋಡಲ್ಲಿ, ಅರವತ್ತನೇ ನಿಮಿಷಕ್ಕೆ ಸೊಂಟದ ಮೇಲೆ ಕೈ ಇಟ್ಕೊಂಡ. ಮುಂಚೆ ಎದುರು ಟೀಮಿನ ಡಿಫೆಂಡರಿಗೆ ಚೆಂಡು ಸಿಕ್ಕ ತಕ್ಷಣ ನಾಯಿ ಅಟ್ಟಿಸಿದ ಹಾಗೆ ಅಟ್ಟಿಸ್ಕೊಂಡು ಹೋಗ್ತಿದ್ದ. ಈಗ ಎರಡು ಸಲ ಓಡ್ತಾನೆ, ಮೂರನೇ ಸಲ ನಿಲ್ತಾನೆ."

ಕಣ್ಣು, ಅಂಕಿ ಎರಡೂ ಒಂದೇ ಮಾತು ಹೇಳುವುದು ಅಪರೂಪ. ಹೇಳಿದಾಗ ಅನುಮಾನಕ್ಕೆ ಜಾಗವೇ ಇರೋದಿಲ್ಲ. ಆ ವರ್ಷ ಕೋಚ್ ಕೂಡ ಅದನ್ನೇ ಹೇಳಿದ ಹಾಗಾಯಿತು. ಛೆಟ್ರಿ ಎಷ್ಟೋ ಮ್ಯಾಚುಗಳಲ್ಲಿ ಬೆಂಚಿನ ಮೇಲೆ. ರಾಯ್ ಕೃಷ್ಣ ಮತ್ತು ಶಿವಶಕ್ತಿ ಮುಂದೆ. ಲೀಗಿನ ಕೊನೆಯ ಎಂಟು ಮ್ಯಾಚುಗಳನ್ನು ತಂಡ ಸಾಲಾಗಿ ಗೆದ್ದಿತು. ನಾನು ನನ್ನ ಬ್ಲಾಗಿನಲ್ಲಿ ಒಂದು ಗ್ರಾಫ್ ಹಾಕಿ, ಬೀಳ್ಕೊಡುಗೆಯ ಧಾಟಿಯಲ್ಲಿ ನಾಲ್ಕು ಪ್ಯಾರಾ ಬರೆದೆ. ಒಳ್ಳೆಯ ಕಾಮೆಂಟುಗಳು ಬಂದವು. ಬರೆದದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಮುಂದೆ ಆಗಿದ್ದು ನೋಡಿ. 2023ರ ಮಾರ್ಚ್ 3, ಕಂಠೀರವ, ಕೇರಳ ಬ್ಲಾಸ್ಟರ್ಸ್ ಎದುರು ನಾಕೌಟ್. ಹೆಚ್ಚುವರಿ ಸಮಯದಲ್ಲಿ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟುತ್ತಾ ಇದ್ದರು. ಛೆಟ್ರಿ ಕಾಯಲಿಲ್ಲ, ಹೊಡೆದೇ ಬಿಟ್ಟರು. ಗೋಲು. ಎದುರಾಳಿಗಳು ಪ್ರತಿಭಟಿಸಿ ಮೈದಾನ ಬಿಟ್ಟು ನಡೆದರು. ಅದು ಸರಿಯೋ ತಪ್ಪೋ ಅಂತ ಇವತ್ತಿಗೂ ಕೊಚ್ಚಿಯ ಗೆಳೆಯರ ಹತ್ತಿರ ನಾನು ಬಾಯಿ ಬಿಡುವ ಹಾಗಿಲ್ಲ, ಅದು ಬೇರೆ ಕತೆ. ನಾಲ್ಕು ದಿನ ಬಿಟ್ಟು ಮುಂಬೈಯಲ್ಲಿ ಸೆಮಿಫೈನಲ್ಲಿನ ಮೊದಲ ಮ್ಯಾಚು. ಬೆಂಚಿನಿಂದ ಎದ್ದು ಬಂದು, ಕಾರ್ನರಿಗೆ ತಲೆ ಕೊಟ್ಟು, ಏಕೈಕ ಗೋಲು. ಅದೇ ಜೂನ್ 21ಕ್ಕೆ ಸ್ಯಾಫ್ ಟೂರ್ನಿಯಲ್ಲಿ, ಇದೇ ಕಂಠೀರವದಲ್ಲಿ, ಪಾಕಿಸ್ತಾನದ ಎದುರು ಹ್ಯಾಟ್ರಿಕ್. ಮೂರರಲ್ಲಿ ಎರಡು ಪೆನಾಲ್ಟಿ ಅಂತ ನಾನು ತಕ್ಷಣ ಲೆಕ್ಕ ಒಪ್ಪಿಸಿದೆ. "ಪೆನಾಲ್ಟಿ ನೀನ್ ಹೋಗಿ ಹೊಡಿ, ನೋಡೋಣ" ಅಂದರು ಮಾವ.

2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ಎದುರು ಛೆಟ್ರಿ ದೇಶಕ್ಕಾಗಿ ಕೊನೆಯ ಮ್ಯಾಚು ಆಡಿದರು. 151 ಮ್ಯಾಚು, 94 ಗೋಲು. ಅವತ್ತು ಗೋಲಿಲ್ಲದ ಡ್ರಾ. ಮಾವ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿಲ್ಲ ಅಂತ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ.

ಆಮೇಲೆ ಬಂದದ್ದು 2024-25. ನಲವತ್ತು ತುಂಬಿದ ಮನುಷ್ಯ. ಸೆಪ್ಟೆಂಬರಿನಲ್ಲೇ ಐಎಸ್‌ಎಲ್ ಇತಿಹಾಸದ ಅತಿ ಹೆಚ್ಚು ಗೋಲುಗಳ ದಾಖಲೆ ಮುರಿದರು. ಡಿಸೆಂಬರ್ 7ಕ್ಕೆ ಕೇರಳದ ಎದುರು ಹ್ಯಾಟ್ರಿಕ್. ಎರಡು ಗೋಲಿನ ಮುನ್ನಡೆ ಕರಗಿ 2-2 ಆಗಿದ್ದ ಮ್ಯಾಚನ್ನು 4-2ಕ್ಕೆ ಎಳೆದು ತಂದರು. ಮೊದಲ ಗೋಲು ಎಂಟನೇ ನಿಮಿಷದಲ್ಲಿ, ಕೊನೆಯದು ತೊಂಬತ್ತು ನಿಮಿಷ ಮುಗಿದು ಕೊಸರಿನ ಸಮಯದಲ್ಲಿ. ಏಪ್ರಿಲ್ 6ಕ್ಕೆ ಗೋವಾದಲ್ಲಿ ಸೆಮಿಫೈನಲ್ ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗಬೇಕು ಅನ್ನುವಾಗ ಮತ್ತೆ ತಲೆಯಿಂದ ಒಂದು ಗೋಲು, ತಂಡ ಫೈನಲ್ಲಿಗೆ. ಸೀಸನ್ನಿನ ಒಟ್ಟು ಲೆಕ್ಕ: 14.

ಹೌದು, ಅದೇ 14. ಏಳು ವರ್ಷದ ಹಿಂದೆ ಗ್ರಾಫು ಎಲ್ಲಿಂದ ಇಳಿಯೋಕೆ ಶುರು ಮಾಡಿತ್ತೋ ಅಲ್ಲಿಗೇ ಬಂದು ನಿಂತಿತ್ತು. ನಂದಿಬೆಟ್ಟದಿಂದ ಇಳಿದ ಬೈಕು ಒಂದೇ ಏಟಿಗೆ ಮತ್ತೆ ತುದಿಯಲ್ಲಿ.

ಹಾಗಾದರೆ ತಪ್ಪಿದ್ದು ಯಾರು? ಅಂಕಿಯೋ ಕಣ್ಣೋ?

ಮೊದಲು ನನ್ನ ಕಡೆಯ ತಪ್ಪು ಒಪ್ಪಿಕೊಳ್ತೀನಿ. ಗೋಲು ಅನ್ನೋದು ಬಹಳ ಅಪರೂಪದ ಘಟನೆ. ಸೀಸನ್ನಿಗೆ ಎಂಟು ಗೋಲು ಹೊಡೆಯುವ ತಾಕತ್ತಿನ ಆಟಗಾರ ಅಂತಿಟ್ಟುಕೊಳ್ಳಿ. ಅವನಲ್ಲಿ ಏನೇನೂ ಬದಲಾಗದೆ ಒಂದು ವರ್ಷ ಐದು ಬರಬಹುದು, ಇನ್ನೊಂದು ವರ್ಷ ಹನ್ನೊಂದು ಬರಬಹುದು. ಒಂದು ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಗುತ್ತದೆ, ಇನ್ನೊಂದು ಹೊರಗೆ. ಇಷ್ಟು ಸಣ್ಣ ಸಂಖ್ಯೆಗಳನ್ನು ಜೋಡಿಸಿ ಗೆರೆ ಎಳೆಯೋದು ಅಂದರೆ ನಾಲ್ಕು ಮಳೆಹನಿ ನೋಡಿ ಮುಂಗಾರು ಲೆಕ್ಕ ಹಾಕಿದ ಹಾಗೆ. ಅದಕ್ಕೇ ಈಗಿನವರು ಗೋಲು ಬಿಟ್ಟು ಎಕ್ಸ್‌ಪೆಕ್ಟೆಡ್ ಗೋಲ್ಸ್ ಲೆಕ್ಕ ಮಾಡುತ್ತಾರೆ. ಆ ಜಾಗದಿಂದ, ಆ ಕೋನದಲ್ಲಿ ಹೊಡೆದ ಇಂಥದೇ ನೂರು ಹೊಡೆತಗಳಲ್ಲಿ ಎಷ್ಟು ಗೋಲಾಗುತ್ತವೆ ಅನ್ನುವ ಅಂದಾಜು ಅದು. ಪೆನಾಲ್ಟಿಯಾದರೆ ಸುಮಾರು ನಾಲ್ಕರಲ್ಲಿ ಮೂರು. ಅವನು ಎಷ್ಟು ಗೋಲು ಹೊಡೆದ ಅನ್ನೋದಕ್ಕಿಂತ, ಎಷ್ಟು ಒಳ್ಳೆಯ ಜಾಗಗಳಿಗೆ ತಲುಪಿದ ಅನ್ನೋದು ಮುಂದಿನದನ್ನು ಚೆನ್ನಾಗಿ ಹೇಳುತ್ತದೆ. ಬೆಂಚಿನ ಮೇಲೆ ಕೂತ ನಿಮಿಷಗಳನ್ನು ಕಳೆದು, ಆಡಿದ ಪ್ರತಿ ತೊಂಬತ್ತು ನಿಮಿಷಕ್ಕೆ ಎಷ್ಟು ಅಂತ ನೋಡಬೇಕಿತ್ತು. ನಾನು ಅದ್ಯಾವುದನ್ನೂ ಮಾಡಿರಲಿಲ್ಲ. ಸುಲಭಕ್ಕೆ ಸಿಕ್ಕ ಅಂಕಣ ತಗೊಂಡು ಗೆರೆ ಎಳೆದಿದ್ದೆ.

ಇದಕ್ಕೆ ದೊಡ್ಡ ಉದಾಹರಣೆ ಬೇಕಾದರೆ ಕರೀಂ ಬೆಂಜೆಮಾ. 2017-18ರಲ್ಲಿ ಸ್ಪೇನಿನ ಲೀಗಿನಲ್ಲಿ ಅವರ ಗೋಲು ಬರೀ 5, ವಯಸ್ಸು ಮೂವತ್ತು. ನನ್ನಂಥವರ ಗ್ರಾಫು ಅಲ್ಲಿಗೇ ಮಂಗಳ ಹಾಡಿಬಿಡುತ್ತಿತ್ತು. ಆದರೆ ಆವರೆಗೆ ಅವರು ಮಾಡುತ್ತಿದ್ದದ್ದು ಡಿಫೆಂಡರುಗಳನ್ನು ಎಳೆದುಕೊಂಡು ಹೋಗಿ ರೊನಾಲ್ಡೊಗೆ ಜಾಗ ಮಾಡಿಕೊಡುವ ಕೆಲಸ. ರೊನಾಲ್ಡೊ ಇಟಲಿಗೆ ಹೋದ ಮರುವರ್ಷವೇ ಬೆಂಜೆಮಾ 21 ಗೋಲು ಹೊಡೆದರು. 2022ರಲ್ಲಿ ಬ್ಯಾಲನ್ ಡಿ'ಓರ್ ತಗೊಂಡರು. ಕೆಲಸ ಬದಲಾಗಿದ್ದನ್ನು ಅಂಕಿ ಹೇಳಿರಲಿಲ್ಲ, ಅಷ್ಟೇ.

ಹಾಗಂತ ಕಣ್ಣೇ ಮೇಲು ಅಂತಲೂ ಅಲ್ಲ. ಕೆಲವು ಸಲ ಕಣ್ಣು ಮೊದಲೇ ಹಿಡಿಯುತ್ತದೆ, ನಿಜ. 2011ರ ಜನವರಿ ಕೊನೆಯ ದಿನ ಚೆಲ್ಸಿ ತಂಡ ಐದು ಕೋಟಿ ಪೌಂಡ್ ಕೊಟ್ಟು ಫರ್ನಾಂಡೊ ಟೊರೆಸ್‌ನನ್ನು ಕೊಂಡಾಗ ಲಿವರ್‌ಪೂಲ್‌ನಲ್ಲಿ 142 ಮ್ಯಾಚಿಗೆ 81 ಗೋಲು ಅನ್ನುವ ಅಂಕಿ ಅವರ ಕೈಯಲ್ಲಿತ್ತು. ಹಿಂದಿನ ವರ್ಷ ಮೊಣಕಾಲಿನ ಆಪರೇಷನ್ ಆದಮೇಲೆ ಅವನ ಓಟ ಮೊದಲಿನ ಹಾಗಿಲ್ಲ ಅಂತ ಬರಿಗಣ್ಣಿನಲ್ಲಿ ನೋಡಿದವರು ಹೇಳುತ್ತಿದ್ದರು. ಚೆಲ್ಸಿಯಲ್ಲಿ ಆದದ್ದು 172 ಮ್ಯಾಚಿಗೆ 45. ಆದರೆ ಕಣ್ಣಿಗೂ ಅದರದೇ ರೋಗಗಳಿವೆ. ಒಮ್ಮೆ "ಮುಗೀತು" ಅಂತ ಮನಸ್ಸಿಗೆ ಬಂದರೆ ಆಮೇಲೆ ಕಾಣೋದೆಲ್ಲ ಅದಕ್ಕೆ ಸಾಕ್ಷಿಯೇ. ಇಪ್ಪತ್ತೆರಡರ ಹುಡುಗ ಸೊಂಟದ ಮೇಲೆ ಕೈ ಇಟ್ಟರೆ ಸ್ಟೈಲು, ಮೂವತ್ತೆಂಟರವನು ಇಟ್ಟರೆ ವಯಸ್ಸು. ಇನ್ನು ಟಿವಿ ಅಂತೂ ಚೆಂಡಿನ ಹಿಂದೆಯೇ ಹೋಗುತ್ತದೆ. ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರೋದು ತೊಂಬತ್ತು ನಿಮಿಷದಲ್ಲಿ ಎರಡೋ ಮೂರೋ ನಿಮಿಷ. ಉಳಿದದ್ದು ಕ್ಯಾಮೆರಾದ ಹೊರಗೆ. ಚೆಂಡು ನೋಡಬೇಡ ಅನ್ನುವ ಮನುಷ್ಯ ಟಿವಿಯಲ್ಲಿ ಚೆಂಡು ನೋಡಿಯೇ ತೀರ್ಪು ಕೊಟ್ಟಿದ್ದರು.

ಇದನ್ನು ಆ ಡಿಸೆಂಬರ್ ರಾತ್ರಿ ಹೇಳಿದೆ. ಮಾವ ಕಡಲೆಕಾಯಿ ಸಿಪ್ಪೆ ಬಿಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾನ್ ಕಂಡಿದ್ದು ಸುಳ್ಳಲ್ಲ ಕಣೋ. ಮೂರನೇ ಸಲ ನಿಲ್ತಾನೆ ಅಂದಿದ್ದು ಈಗಲೂ ನಿಜ. ಇವತ್ತೂ ನಿಂತ. ಆದ್ರೆ ಎಲ್ಲಿ ನಿಲ್ತಾನೆ ನೋಡಿದ್ಯಾ? ಅವನು ಚೆಂಡು ನೋಡ್ತಿಲ್ಲ, ಡಿಫೆಂಡರಿನ ಭುಜ ನೋಡ್ತಾ ಇರ್ತಾನೆ. ಅವನ ಭುಜ ಆ ಕಡೆ ತಿರುಗಿದ ತಕ್ಷಣ ಈ ಕಡೆಯಿಂದ ಎರಡೇ ಹೆಜ್ಜೆ. ಎರಡು ಹೆಜ್ಜೆಗೆ ನಲವತ್ತು ವರ್ಷ ಅಡ್ಡ ಬರಲ್ಲ."

"ಹಾಗಾದ್ರೆ ಮುಗೀತು ಅಂದಿದ್ದು?"

"ಅದು ನನ್ನ ಬಾಯಿ. ಕಣ್ಣಲ್ಲ."

ಈ ಮಾತು ನನ್ನ ಒಳಗೆ ಎಲ್ಲೋ ಚುಚ್ಚಿತು. ಅದಕ್ಕೆ ಕಾರಣ ಫುಟ್‌ಬಾಲ್ ಅಲ್ಲ.

ಹಿಂದಿನ ವರ್ಷ ನಮ್ಮ ಆಫೀಸಿನಲ್ಲಿ ಸಪೋರ್ಟ್ ಟೀಮಿಗೆ ಒಂದು ಡ್ಯಾಶ್‌ಬೋರ್ಡ್ ಮಾಡಿಕೊಡು ಅಂತ ಕೇಳಿದ್ದರು. ಯಾರು ತಿಂಗಳಿಗೆ ಎಷ್ಟು ಟಿಕೆಟ್ ಕ್ಲೋಸ್ ಮಾಡ್ತಾರೆ ಅನ್ನೋ ಲೆಕ್ಕ. ಮಾಡಿಕೊಟ್ಟೆ. ಟೀಮಿನಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರಿದ್ದರು, ನಲವತ್ತೇಳು ವಯಸ್ಸು. ನಾವೆಲ್ಲ ಅವರನ್ನು ಸರ್ ಅಂತಲೇ ಕರೆಯುತ್ತಿದ್ದೆವು. ಅವರ ಗೆರೆ ಎರಡು ವರ್ಷದಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಸ್ಲೈಡಿಗೆ ಒಂದು ಶೀರ್ಷಿಕೆ ಬೇಕಿತ್ತು. "ಇಳಿಮುಖದಲ್ಲಿರುವವರು" ಅನ್ನುವ ಅರ್ಥದ ಇಂಗ್ಲಿಷ್ ಪದವನ್ನು ಟೈಪ್ ಮಾಡಿದ್ದು ನನ್ನದೇ ಬೆರಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮೀಟಿಂಗಿನಲ್ಲಿ ಆ ಸ್ಲೈಡಿನ ಮುಂದೆ ಎರಡು ನಿಮಿಷವೂ ನಿಲ್ಲಲಿಲ್ಲ. ಮುಂದಿನ ವಾರ ಅವರನ್ನು ಪಿಐಪಿಗೆ ಹಾಕಿದರು. ಪಿಐಪಿ ಅಂದರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ತಿಂಗಳಿಗೆ ಅವರೇ ರಾಜೀನಾಮೆ ಕೊಟ್ಟರು. ಕೊನೆಯ ದಿನ ಕೇಕ್ ಕತ್ತರಿಸಿದೆವು. ನನಗೂ ಒಂದು ತುಂಡು ಕೊಟ್ಟರು, ತಿಂದೆ.

ಅವರು ಹೋದ ಮೇಲೆ ಟೀಮಿನ ಒಟ್ಟು ಲೆಕ್ಕ ಚೆನ್ನಾಗಬೇಕಿತ್ತಲ್ಲ, ಆಗಲಿಲ್ಲ. ಒಮ್ಮೆ ಕ್ಲೋಸ್ ಆದ ಟಿಕೆಟ್ಟುಗಳು ಮತ್ತೆ ಮತ್ತೆ ತೆರೆದುಕೊಳ್ಳತೊಡಗಿದವು. ಯಾಕೆ ಅಂತ ನೋಡೋ ಕೆಲಸ ನನಗೇ ಬಂತು. ಹಳೆಯ ಡೇಟಾದಲ್ಲಿ "ಮತ್ತೆ ತೆರೆದದ್ದು" ಅನ್ನುವ ಅಂಕಣ ಮೊದಲಿನಿಂದಲೂ ಇತ್ತು. ಸರ್ ಕ್ಲೋಸ್ ಮಾಡಿದ ಟಿಕೆಟ್ಟುಗಳು ವಾಪಸು ಬಂದದ್ದೇ ಕಮ್ಮಿ. ಬೇರೆಯವರು ಕೈಬಿಟ್ಟ, ವಾರಗಟ್ಟಲೆ ಕೊಳೆತ ಕಷ್ಟದವೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ಅವರ ಹತ್ತಿರ. ಇನ್ನು ಡೇಟಾದಲ್ಲಿ ಇಲ್ಲದೇ ಇದ್ದದ್ದು: ಮಧ್ಯಾಹ್ನ ಊಟ ಆದಮೇಲೆ ಅವರ ಡೆಸ್ಕಿನ ಹತ್ತಿರ ಹೊಸ ಹುಡುಗರು ಲ್ಯಾಪ್‌ಟಾಪ್ ಹಿಡಿದು ನಿಲ್ಲುತ್ತಿದ್ದ ಕ್ಯೂ. ಹುಡುಗರು ತಮ್ಮ ಜಾಗಕ್ಕೆ ಹೋಗಿ ಟಿಕೆಟ್ ಕ್ಲೋಸ್ ಮಾಡುತ್ತಿದ್ದರು, ಲೆಕ್ಕ ಅವರ ಹೆಸರಿಗೆ. ಕಾಫಿ ಮೆಶೀನಿಗೆ ಹೋಗುವಾಗ ಆ ಕ್ಯೂವನ್ನು ನಾನು ದಿನಾ ಸುತ್ತಿಕೊಂಡು ಹೋಗುತ್ತಿದ್ದೆ. ಕಣ್ಣಿಗೆ ಬಿದ್ದಿತ್ತು, ನೋಡಿರಲಿಲ್ಲ.

ಚೆಂಡು ಇಲ್ಲದಾಗ ಏನ್ ಮಾಡ್ತಾನೆ ನೋಡು ಅಂತ ಮಾವ ನನಗೆ ಹೇಳುತ್ತಿದ್ದದ್ದು ಎಷ್ಟು ವರ್ಷದಿಂದ!

ಆ ಹ್ಯಾಟ್ರಿಕ್ಕಿನ ಮರುದಿನ ಭಾನುವಾರ. ಹನ್ನೊಂದು ಗಂಟೆಗೆ ಧೈರ್ಯ ಮಾಡಿ ಸರ್‌ಗೆ ಫೋನ್ ಮಾಡಿದೆ. ಮೈಸೂರಿನಲ್ಲಿದ್ದರು. ಅಲ್ಲೇ ಒಂದು ಕಡೆ ಹೊಸಬರಿಗೆ ಟ್ರೈನಿಂಗ್ ಕೊಡುವ ಕೆಲಸ, ಸಂಬಳ ಕಮ್ಮಿ, ನೆಮ್ಮದಿ ಇದೆ ಅಂದರು. ನಾನು ಸುತ್ತಿ ಬಳಸಿ, ಕೊನೆಗೆ ಆ ಸ್ಲೈಡ್ ಮಾಡಿದ್ದು ನಾನು ಸರ್ ಅಂದೆ.

"ಗೊತ್ತಪ್ಪ" ಅಂದರು. "ಗ್ರಾಫ್ ತಪ್ಪಿರಲಿಲ್ಲ ಬಿಡು. ಕಮ್ಮಿ ಆಗಿದ್ದು ನಿಜ ತಾನೆ. ಆದ್ರೆ ನನ್ನ ಸೀಟು ನಿನ್ನಿಂದ ಹತ್ತು ಹೆಜ್ಜೆ ಇತ್ತಲ್ವಾ. ಯಾಕೆ ಸಾರ್ ಕಮ್ಮಿ ಆಗಿದೆ ಅಂತ ಒಂದು ಮಾತು ಕೇಳಬಹುದಿತ್ತು."

ಆಮೇಲೆ ಅವರೇ ಮಾತು ಬದಲಿಸಿ ನಿನ್ನೆ ಮ್ಯಾಚು ನೋಡಿದ್ಯಾ ಅಂದರು. ಅದು ಕ್ಷಮೆಯೋ, ಫೋನ್ ಇಡುವ ಸೌಜನ್ಯವೋ ನನಗಿನ್ನೂ ತಿಳಿದಿಲ್ಲ.

ಅಂದಿನಿಂದ ಒಂದು ವಿಷಯ ನನಗೆ ಸ್ವಲ್ಪ ಸ್ಪಷ್ಟವಾಗಿದೆ. ಅಂಕಿ ಹೇಳಿದ್ದು ಇಷ್ಟೇ: ಗೋಲು ಕಮ್ಮಿ ಆಗಿದೆ. ಕಣ್ಣು ಹೇಳಿದ್ದು ಇಷ್ಟೇ: ಮೂರನೇ ಸಲ ನಿಲ್ಲುತ್ತಾನೆ. ಎರಡೂ ನಿಜ. "ಮುಗಿದ" ಅನ್ನೋದನ್ನು ಎರಡೂ ಹೇಳಿರಲಿಲ್ಲ, ಅದನ್ನು ಸೇರಿಸಿದ್ದು ನಾವು. ಮುಗಿದನೋ ಇಲ್ಲವೋ ಅಂತ ಕೇಳೋದೇ ಅರ್ಧ ಪ್ರಶ್ನೆ. ಯಾವ ಕೆಲಸಕ್ಕೆ, ಎಷ್ಟು ನಿಮಿಷಕ್ಕೆ, ಯಾರ ಪಕ್ಕದಲ್ಲಿ ಅಂತ ಪೂರ್ತಿ ಮಾಡಬೇಕು. ತೊಂಬತ್ತು ನಿಮಿಷ ಅಟ್ಟಿಸಿಕೊಂಡು ಓಡುವ ಛೆಟ್ರಿ ನಿಜವಾಗಿಯೂ ಹೋಗಿದ್ದರು. ಪೆಟ್ಟಿಗೆಯೊಳಗೆ ಎರಡು ಹೆಜ್ಜೆ ಇಡುವ ಛೆಟ್ರಿ ಇದ್ದರು.

ಇದನ್ನು ಸುಖಾಂತ್ಯ ಅಂತ ಬರೆಯೋಕೂ ಆಗೋದಿಲ್ಲ. ಆ ಸೀಸನ್ ನೋಡಿ 2025ರ ಮಾರ್ಚಿನಲ್ಲಿ ಛೆಟ್ರಿಯನ್ನು ಮತ್ತೆ ದೇಶದ ತಂಡಕ್ಕೆ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು 95ನೇ ಗೋಲು ಬಂತು. ಆರು ದಿನ ಬಿಟ್ಟು ಬಾಂಗ್ಲಾದೇಶದ ಎದುರು ಗೋಲಿಲ್ಲದ ಡ್ರಾ. ಅಕ್ಟೋಬರಿನಲ್ಲಿ ಸಿಂಗಪುರದ ಎದುರು ಸೋತು ಭಾರತ ಏಷ್ಯನ್ ಕಪ್ಪಿನ ದಾರಿ ಕಳೆದುಕೊಂಡಿತು. ಕ್ಲಬ್ಬಿನ 14 ಗೋಲು ನೋಡಿ "ಇನ್ನೂ ಮುಗಿದಿಲ್ಲ" ಅಂದವರು, 4 ಗೋಲು ನೋಡಿ "ಮುಗೀತು" ಅಂದ ನನ್ನ ತಪ್ಪನ್ನೇ ತಿರುಗಿಸಿ ಮಾಡಿದ್ದರು. ಆ 14ರಲ್ಲಿ ಕೆಲವು ಪೆನಾಲ್ಟಿಗಳಿದ್ದವು ಅಂತ ನಾನು ಮಾವನಿಗೆ ಮತ್ತೆ ಹೇಳಿದೆ. ಈ ಸಲ ಅವರು ನನ್ನನ್ನು ಹೊಡೆಯೋಕೆ ಕಳಿಸಲಿಲ್ಲ.

ಆ ಡಿಸೆಂಬರ್ ರಾತ್ರಿಯ ಒಂದು ಚೂರು ಹೇಳೋದು ಉಳಿದಿದೆ. ಮ್ಯಾಚು ಮುಗಿದು, ವೆಸ್ಟ್ ಬ್ಲಾಕಿನ ಹುಡುಗರ ಗಲಾಟೆ ದಾಟಿ, ನಾವು ಕಬ್ಬನ್ ಪಾರ್ಕ್ ಮೆಟ್ರೋ ಕಡೆಗೆ ನಡೆಯುತ್ತಿದ್ದೆವು. ಮಾವ ಹಿಂದೆ ಬಿದ್ದರು. ಹೋದ ಸೀಸನ್ನಿನಲ್ಲಿ ನನಗಿಂತ ಮುಂದೆ ನಡೆಯುತ್ತಿದ್ದ ಮನುಷ್ಯ. ಈಗ ಕುಂಟುತ್ತಾ, ಫುಟ್‌ಪಾತಿನ ಕಂಬ ಹಿಡಿದು ನಿಂತು ನಿಂತು ಬರುತ್ತಿದ್ದಾರೆ. ನನ್ನ ತಲೆ ಆಗಲೇ ಗೆರೆ ಎಳೆಯೋಕೆ ಶುರು ಮಾಡಿತ್ತು: ಅರವತ್ತೇಳು ವಯಸ್ಸು, ಹಳೇ ಮೊಣಕಾಲು, ಮುಂದಿನ ವರ್ಷದಿಂದ ಇವರನ್ನು ಕರೆದುಕೊಂಡು ಬರಬಾರದು, ಅತ್ತೆಗೆ ಹೇಗೆ ಹೇಳೋದು.

ಅರ್ಧ ಎಳೆದ ಗೆರೆಯನ್ನು ಅಲ್ಲೇ ಬಿಟ್ಟು ವಾಪಸು ಹತ್ತು ಹೆಜ್ಜೆ ನಡೆದೆ. "ಏನಾಯ್ತು ಮಾವ? ಮಂಡಿ ನೋವಾ?"

"ಮಂಡಿಗೇನಾಗಿದೆ, ಚೆನ್ನಾಗೇ ಇದೆ. ನಿಮ್ಮತ್ತೆ ಹೊಸ ಚಪ್ಪಲಿ ತಂದ್ಕೊಟ್ಟಿದಾಳೆ ಕಣೋ, ಬೆಳಗಿಂದ ಕಚ್ತಾ ಇದೆ" ಅಂದರು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ನನ್ನನ್ನು ದಾಟಿ ಮುಂದೆ ಹೋದರು.